ಮೆಟ್ಟಿಲ ಕೆಳಗಿನ ಅಕ್ಕ

"ನಾಳೆ ಬನ್ನಿ" ಎಂದು ಟೇಲರಕ್ಕ ಹೇಳಿದರೆ ಆ ನಾಳೆಗೆ ಮೂರು ಅರ್ಥಗಳಿದ್ದವು. ಅಕ್ಕ ಎಂದು ಕರೆದು ಬಟ್ಟೆ ಕೊಟ್ಟವರಿಗೆ ಅದು ಮೂರನೆಯ ದಿನಕ್ಕೆ ಬರುತ್ತಿತ್ತು. ಆಂಟಿ ಎಂದವರಿಗೆ ಹತ್ತು ದಿನ ಕಳೆದ ಮೇಲೆ. ಇನ್ನು ಅಜ್ಜಿ ಎಂದವರ ನಾಳೆ ಯಾವತ್ತು ಬರುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅದು ಬಂದದ್ದನ್ನು ಈತನಕ ಯಾರೂ ಕಂಡಿಲ್ಲ.

ಇದನ್ನು ಅವಳು ಎಲ್ಲೂ ಬರೆದು ತೂಗುಹಾಕಿರಲಿಲ್ಲ. ಕೇಳಿದ್ದರೆ ಒಪ್ಪುತ್ತಲೂ ಇರಲಿಲ್ಲ. ಕೈ ತಾನಾಗಿಯೇ ಹಾಗೆ ಮಾಡುತ್ತಿತ್ತು, ಅಷ್ಟೆ. ಅವಳಿಗೆ ಐವತ್ತೆಂಟು ವರ್ಷ. ತಲೆ ಅರ್ಧ ಬೆಳ್ಳಗಾಗಿದ್ದು ನಿಜ, ಆದರೆ ಸೂಜಿಗೆ ದಾರ ಪೋಣಿಸುವುದಕ್ಕೆ ಇವತ್ತಿಗೂ ಕನ್ನಡಕ ಹಾಕಿದವಳಲ್ಲ. ಅಂಥ ಹೆಂಗಸನ್ನು ಹಿಡಿದು ಅಜ್ಜಿ ಅಂದರೆ ಮೈ ಉರಿಯದೆ ಇರುತ್ತದೆಯೇ, ನೀವೇ ಹೇಳಿ.

ಅವಳ ಅಂಗಡಿ ಎಂದರೆ ಮೂರು ಮಹಡಿಯ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆ. ಒಂದು ಕಡೆ ಎತ್ತರ, ಇನ್ನೊಂದು ಕಡೆ ಹೋಗುತ್ತಾ ಹೋಗುತ್ತಾ ನೆಲಕ್ಕೇ ಅಂಟಿಕೊಳ್ಳುವ ಮಾಡು. ಎತ್ತರದ ಕಡೆ ಅವಳು ಮತ್ತು ಅವಳ ಹೊಲಿಗೆ ಮಿಷನ್ನು, ತಗ್ಗಿನ ಕಡೆ ಬಟ್ಟೆಯ ಗಂಟುಗಳು. ಅಲ್ಲಿ ಕೂತು ಮೂವತ್ತನಾಲ್ಕು ವರ್ಷವಾಗಿತ್ತು. ತಲೆಯ ಮೇಲೆ ಯಾರು ಹತ್ತುತ್ತಿದ್ದಾರೆ, ಯಾರು ಇಳಿಯುತ್ತಿದ್ದಾರೆ ಎಂಬುದನ್ನು ಚಪ್ಪಲಿಯ ಸದ್ದಿನಲ್ಲೇ ಹೇಳುತ್ತಿದ್ದಳು. ಗಂಡಹೆಂಡಿರು ಜಗಳವಾಡಿ ಇಳಿಯುತ್ತಿದ್ದಾರೋ, ಜಗಳವಾಡುವುದಕ್ಕೆ ಹತ್ತುತ್ತಿದ್ದಾರೋ ಎಂಬುದೂ ಅವಳಿಗೆ ತಿಳಿಯುತ್ತಿತ್ತು.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ದಿನ ಬಂದು ಕೂತಾಗ ಕೆಳಮನೆಯ ಹುಡುಗಿಯೊಬ್ಬಳು ಹರಿದ ಶಾಲೆಚೀಲ ತಂದು, "ಅಕ್ಕಾ, ಇದನ್ನ ಹೊಲ್ಕೊಡ್ತೀಯಾ?" ಎಂದಿದ್ದಳು. ಟೇಲರಕ್ಕ ಒಬ್ಬಳೇ ಮಗಳು. ಹಿಂದೆ ಮುಂದೆ ಯಾರೂ ಇಲ್ಲ. ಅಷ್ಟು ವರ್ಷ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಚೀಲಕ್ಕೆ ಅವಳು ಎರಡು ಹೊಲಿಗೆ ಹಾಕುವ ಕಡೆ ನಾಲ್ಕು ಹಾಕಿದಳು. ವಾರದೊಳಗೆ ಇಡೀ ಕಟ್ಟಡಕ್ಕೆ ಅವಳು ಅಕ್ಕನಾದಳು. ಅವಳ ನಿಜವಾದ ಹೆಸರು ಏನೆಂದು ಕೇಳಿದರೆ ಎದುರು ಬೀದಿಯವರೂ ತಲೆ ಕೆರೆದುಕೊಳ್ಳುವ ಹಾಗಾಯಿತು.

ಈಚೆಗೆ ಕಾಲ ಬದಲಾಯಿತು. ಕಟ್ಟಡದ ಯಜಮಾನನ ಮಕ್ಕಳು ಮನೆಗಳನ್ನು ಒಂದೊಂದಾಗಿ ಮಾರಿದರು. ಗೋಡೆಗೆ ಬೂದಿ ಬಣ್ಣ ಬಂತು, ಬಾಗಿಲಿಗೆ ಗಾಜು ಬಂತು, ಮೆಟ್ಟಿಲಿನ ಪಕ್ಕಕ್ಕೆ ಕುಂಡದಲ್ಲಿ ಗಿಡ ಬಂತು. ನೀರು ಹಾಕಲು ಹೋದರೆ ಅದು ಪ್ಲಾಸ್ಟಿಕ್ಕು. ಹಳೇ ಬಾಡಿಗೆಯವರು ಲಾರಿಗೆ ಸಾಮಾನು ಹೇರಿಕೊಂಡು, "ಅಕ್ಕಾ, ಬಟ್ಟೆ ಹೊಲಿಸೋಕೆ ನಿನ್ನ ಹತ್ರಾನೇ ಬರ್ತೀವಿ" ಎಂದು ಹೇಳಿ ಹೋದರು. ಒಬ್ಬರಾದರೂ ಬಂದರೆ ಕೇಳಿ. ಹದಿನೈದು ಮನೆಗಳಲ್ಲಿ ಈಗ ಹಳಬರದು ಮೂರೇ. ಹೋದವರಿಂದ ಅವಳಿಗೆ ಕೆಲಸವೇನೂ ಕಡಿಮೆಯಾಗಲಿಲ್ಲ, ಹೊಸಬರು ಬೇಕಾದಷ್ಟು ಬಟ್ಟೆ ತರುತ್ತಿದ್ದರು. ಆದರೆ ಕೆಲವು ದಿನ ಬೆಳಗಿನಿಂದ ಸಂಜೆಯ ತನಕ ಯಾರ ಬಾಯಲ್ಲೂ ಅಕ್ಕ ಎಂಬ ಮಾತು ಕೇಳಿಸುತ್ತಿರಲಿಲ್ಲ. ಅಂಥ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೊಸಬರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬಳು ಮೂರನೇ ಮಹಡಿಯ ಲೆಕ್ಕದ ಮೇಡಂ. ಕಾಲೇಜಿನಲ್ಲಿ ಅಂಕಿಅಂಶ ಪಾಠ ಮಾಡುತ್ತಿದ್ದಳು. ಕಟ್ಟಡದ ಸಂಘಕ್ಕೆ ಅವಳೇ ಕಾರ್ಯದರ್ಶಿ. ಇನ್ನೊಬ್ಬ ಎರಡನೇ ಮಹಡಿಯ ಸೈಕಲ್ ಸಾಹೇಬ. ಅವನ ಹತ್ತಿರ ಮೂರು ಸೈಕಲ್ಲುಗಳಿದ್ದವು. ದಿನಾ ಬೆಳಿಗ್ಗೆ ಮೈಗಂಟಿದ ಉಡುಪು ತೊಟ್ಟು ಒಂದನ್ನು ಏರಿ, ಎಲ್ಲಿಗೂ ಹೋಗದೆ, ಬೆವರಿಕೊಂಡು ವಾಪಸ್ಸು ಬರುತ್ತಿದ್ದ. ಬಂದ ಹೊಸದರಲ್ಲೇ ಅವನು ಒಂದು ಪ್ಯಾಂಟು ತಂದು, ಹಲ್ಲು ಕಿಸಿದು, "ಅಜ್ಜೀ, ಇದರ ಉದ್ದ ಸ್ವಲ್ಪ ಕಮ್ಮಿ ಮಾಡ್ಕೊಡಿ" ಎಂದ.

"ನಾಳೆ ಬನ್ನಿ" ಎಂದಳು ಟೇಲರಕ್ಕ.

ಇದಾಗಿ ಇಪ್ಪತ್ತಮೂರು ದಿನವಾಗಿತ್ತು. ಪ್ಯಾಂಟು ತಗ್ಗಿನ ಕಡೆಯ ಗಂಟಿನೊಳಗೆ ಹಾಯಾಗಿ ಮಲಗಿತ್ತು.

ಒಂದು ಸೋಮವಾರ ಲೆಕ್ಕದ ಮೇಡಂ ಒಂದು ಕಾಗದ ಹಿಡಿದು ಕೆಳಗೆ ಬಂದಳು. "ಆಂಟಿ, ಎರಡು ಗುಂಡುಪಿನ್ನು ಕೊಡ್ತೀರಾ?" ಟೇಲರಕ್ಕ ಡಬ್ಬಿ ತೆಗೆದು, ತುಕ್ಕು ಹಿಡಿಯದ್ದನ್ನು ಆರಿಸಿ ಕೊಟ್ಟಳು. ಮೇಡಂ ಕಾಗದವನ್ನು ಗೋಡೆಯ ನೋಟೀಸು ಹಲಗೆಗೆ ಚುಚ್ಚಿ, ಥ್ಯಾಂಕ್ಸ್ ಹೇಳಿ ಹತ್ತಿಹೋದಳು. ಟೇಲರಕ್ಕ ಎದ್ದು ಓದಿದಳು. ಬರುವ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ಸಭೆ. ವಿಷಯ ಒಂದು, ನೀರಿನ ಟ್ಯಾಂಕು. ವಿಷಯ ಎರಡು, ಕಸ. ವಿಷಯ ಮೂರು, ತಾರಸಿಯ ಬಾಗಿಲು. ವಿಷಯ ನಾಲ್ಕು, ಮೆಟ್ಟಿಲ ಕೆಳಗಿನ ಖಾಲಿ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಮಾಡುವ ಬಗ್ಗೆ ಮತದಾನ.

ನಾಲ್ಕನೆಯದನ್ನು ಅವಳು ಮೂರು ಸಲ ಓದಿದಳು.

ಅಷ್ಟರಲ್ಲಿ ಕಂಪೌಂಡರು ಪೇಪರು ಹಿಡಿದು ಬಂದರು. ಅವರು ಕೆಳಮನೆಯ ಹಳಬರು, ಎಪ್ಪತ್ತು ದಾಟಿದವರು. ನಲವತ್ತು ವರ್ಷ ಒಬ್ಬ ಡಾಕ್ಟರ ಹತ್ತಿರ ಸೀಸೆಗೆ ಔಷಧಿ ತುಂಬಿ, ಚೀಟಿ ಅಂಟಿಸಿ ನಿವೃತ್ತರಾಗಿದ್ದರು. ದಿನಾ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಪೇಪರು ಓದುವುದು ಅವರ ಕೆಲಸ.

"ಏನಮ್ಮ ಇದು," ಎಂದರು ಅವರು ಕನ್ನಡಕ ಏರಿಸಿ. "ಖಾಲಿ ಜಾಗ ಅಂತ ಬರ್ದಿದಾರಲ್ಲ. ನೀನು ಇಲ್ವಾ ಇಲ್ಲಿ?"

"ನನಗೂ ಈಗ ಅನುಮಾನ ಬರ್ತಿದೆ."

"ಪಿನ್ನು ಎಲ್ಲಿ ಸಿಕ್ತು ಅವಳಿಗೆ?"

ಟೇಲರಕ್ಕ ಜೋರಾಗಿ ಪೆಡಲು ತುಳಿದಳು.

ಕಂಪೌಂಡರಿಗೆ ಅವಳ ಗುಟ್ಟು ಮೊದಲಿಂದಲೂ ಗೊತ್ತು. ಅವರು ದನಿ ತಗ್ಗಿಸಿ, "ನೋಡಮ್ಮ, ಭಾನುವಾರಕ್ಕೆ ಇನ್ನೂ ಆರು ದಿನ ಇದೆ. ಅಷ್ಟರಲ್ಲಿ ಹೊಸಬರ ಬಟ್ಟೆ ಎಲ್ಲಾ ಮಾಡಿ ಕೊಟ್ಬಿಡು. ಹನ್ನೆರಡು ಮನೆ ಅವರದು. ಯಾರು ಏನಂತ ಕರೆದ್ರೂ ಕಿವೀಲಿ ಹತ್ತಿ ಇಟ್ಕೊಂಡು ಹೊಲಿ. ಜಾಗ ಮುಖ್ಯಾನೋ ಜಂಬ ಮುಖ್ಯಾನೋ?" ಎಂದರು.

"ಜಾಗಾನೇ" ಎಂದು ಟೇಲರಕ್ಕ ಒಪ್ಪಿದಳು. ಜಾಗ ಹೋದರೆ ಮಿಷನ್ನು ಹೊತ್ತುಕೊಂಡು ಹೋಗುವುದೆಲ್ಲಿಗೆ? ಅವಳಿದ್ದದ್ದು ಎರಡು ಬೀದಿ ಆಚೆ, ಮಂಚ ಹಾಕಿದರೆ ಬಾಗಿಲು ತೆಗೆಯಲಾಗದಂಥ ಒಂದೇ ಕೋಣೆಯಲ್ಲಿ. ಕಂಪೌಂಡರು ಹೋದ ಮೇಲೆ ಅವಳು ಗಂಟಿನೊಳಗಿಂದ ಸೈಕಲ್ ಸಾಹೇಬನ ಪ್ಯಾಂಟು ಎಳೆದಳು. ಕೊಡವಿ ಹರಡಿದಳು. ಸೀಮೆಸುಣ್ಣದಲ್ಲಿ ಗೆರೆಯನ್ನೂ ಎಳೆದಳು. ಕತ್ತರಿ ಎತ್ತಿದ್ದೇ ತಡ, "ಅಜ್ಜೀ" ಎಂಬ ಆ ಎಳೆದ ದನಿ ಕಿವಿಯಲ್ಲಿ ಕೇಳಿಸಿತು. ಪ್ಯಾಂಟನ್ನು ಮಡಿಸಿ ಮೊದಲಿಗಿಂತಲೂ ಒಳಗೆ ತುರುಕಿದಳು.

ಇತ್ತ ಲೆಕ್ಕದ ಮೇಡಂ ಕೈಕಟ್ಟಿ ಕೂರಲಿಲ್ಲ. ಅವಳು ಕೆಟ್ಟವಳಲ್ಲ. ಮತಕ್ಕೆ ಹಾಕುವ ಮುಂಚೆ ನ್ಯಾಯವಾಗಿ ವಿಚಾರಿಸಬೇಕು ಎಂಬುದು ಅವಳ ಪಾಲಿಸಿ. ಟೇಲರು ಸಮಯಕ್ಕೆ ಬಟ್ಟೆ ಕೊಡುವುದಿಲ್ಲ ಎಂಬ ದೂರು ಹೌದೋ ಅಲ್ಲವೋ ಎಂದು ಮನೆಮನೆಗೆ ಹೋಗಿ ಕೊಟ್ಟ ದಿನ, ಬಂದ ದಿನ, ಬಟ್ಟೆಯ ಜಾತಿ, ಬಣ್ಣ, ಗುಂಡಿಗಳ ಸಂಖ್ಯೆ ಎಲ್ಲವನ್ನೂ ಬರೆದುಕೊಂಡಳು. ಎರಡು ದಿನ ಕೂತು ಚಾರ್ಟು ಮಾಡಿದಳು. ಬಟ್ಟೆಗೂ ತಡಕ್ಕೂ ಸಂಬಂಧವಿರಲಿಲ್ಲ. ಬಣ್ಣಕ್ಕೂ ಇರಲಿಲ್ಲ. ಆದರೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು: ಕೆಳಮನೆಯವರಿಗೆ ಮೂರು ದಿನ, ಮೇಲಕ್ಕೆ ಹೋದಷ್ಟೂ ತಡ. ಹಳಬರೆಲ್ಲ ಕೆಳಗೇ ಇದ್ದಾರೆ, ಹೊಸಬರೆಲ್ಲ ಮೇಲಿದ್ದಾರೆ ಎಂಬುದು ಪಾಪ ಅವಳ ಚಾರ್ಟಿನಲ್ಲಿ ಇರಲಿಲ್ಲ. ಮೇಡಂ ಒಂದು ತೀರ್ಮಾನಕ್ಕೆ ಬಂದಳು. ಆಂಟಿಗೆ ಮೊಣಕಾಲು ನೋವು.

ಬುಧವಾರ ಮಧ್ಯಾಹ್ನ ಟೇಲರಕ್ಕ ಕಾಜ ಹೊಲಿಯುತ್ತಿದ್ದಾಗ ಮೂರನೇ ಮಹಡಿಯಿಂದ ಮೆಟ್ಟಿಲ ನಡುವಿನ ಸಂದಿಯಲ್ಲಿ ಹಗ್ಗ ಕಟ್ಟಿದ ಒಂದು ಬುಟ್ಟಿ ಇಳಿದು ಬಂದು ಅವಳ ಮೂಗಿನ ಮುಂದೆ ತೂಗಾಡತೊಡಗಿತು. ಅದರಲ್ಲೊಂದು ಚೀಟಿ: "ಆಂಟಿ, ಹೊಲಿದ ಬಟ್ಟೆ ಇದರಲ್ಲಿ ಹಾಕಿ. ನೀವು ಮೆಟ್ಟಿಲು ಹತ್ತುವುದು ಬೇಡ. ಮೊಣಕಾಲು ಜೋಪಾನ." ಜೊತೆಗೆ ಒಂದು ಮುಲಾಮಿನ ಟ್ಯೂಬು.

ಮೂವತ್ತನಾಲ್ಕು ವರ್ಷದಲ್ಲಿ ಅವಳು ಬಟ್ಟೆ ಕೊಡಲೆಂದು ಒಂದು ಮೆಟ್ಟಿಲನ್ನೂ ಹತ್ತಿದವಳಲ್ಲ. "ನನ್ನ ಮೊಣಕಾಲಿಗೆ ಏನು ಧಾಡಿ?" ಎಂದು ಅವಳು ಬುಟ್ಟಿಯನ್ನೇ ಕೇಳಿದಳು. ಕಂಪೌಂಡರು ಮುಲಾಮು ಎತ್ತಿ, ಅಭ್ಯಾಸಬಲದಿಂದ ತಾರೀಖು ಮುಗಿದಿದೆಯೇ ಎಂದು ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತಾಗ ಅವರಿಗೆ ಗಾಬರಿಯಾಯಿತು. ಇನ್ನು ನಾಲ್ಕೇ ದಿನ. ಇವಳು ಹಟ ಬಿಡುವುದಿಲ್ಲ, ಹೊಸಬರಿಗೆ ಕಾರಣ ತಿಳಿಯುವುದಿಲ್ಲ. ಸಂಜೆ ಅವರು ಟೇಲರಕ್ಕನ ಕಣ್ಣು ತಪ್ಪಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೂರು ಮಹಡಿ ಹತ್ತಿದರು.

"ಅವಳ ತೊಂದರೆ ಮೊಣಕಾಲಲ್ಲ ತಾಯಿ," ಎಂದು ಏದುಸಿರು ಬಿಡುತ್ತಾ ಮೇಡಂಗೆ ಹೇಳಿದರು. "ಕಿವಿ."

"ಕೇಳಿಸಲ್ವಾ?"

"ತುಂಬಾ ಕೇಳಿಸ್ತದೆ. ಅದೇ ತೊಂದರೆ. ಅಕ್ಕ ಅಂತ ಕರೀರಿ. ಮೂರು ದಿನಕ್ಕೆ ಗುಣ ಕಾಣ್ತದೆ."

ಮದ್ದು ಹೇಳಿದರು. ಯಾರು ತೆಗೆದುಕೊಳ್ಳಬೇಕು, ಯಾರು ತೆಗೆದುಕೊಳ್ಳಬಾರದು ಎಂದು ಹೇಳುವುದನ್ನು ಮರೆತರು. ನಲವತ್ತು ವರ್ಷದ ಅನುಭವದವರು ಮಾಡಬಾರದ ತಪ್ಪು. ಮೇಡಂ ಆ ರಾತ್ರಿಯೇ ಸಂಘದವರೆಲ್ಲರ ಮೊಬೈಲಿಗೆ ಸಂದೇಶ ಕಳಿಸಿದಳು: "ಎಲ್ಲರೂ ನಾಳೆಯಿಂದ ಟೇಲರನ್ನು ಕಡ್ಡಾಯವಾಗಿ ಅಕ್ಕ ಎಂದು ಕರೆಯತಕ್ಕದ್ದು. ಪ್ರಯೋಗಾರ್ಥ."

ಗುರುವಾರ ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಮೊದಲು ಮೇಡಂ. "ಅಕ್ಕ, ಈ ಕೋಟಿನ ಅಸ್ತರು ಬಿಟ್ಟಿದೆ." ಟೇಲರಕ್ಕನ ಮುಖ ಅರಳಿತು. ಅವಳು ಸ್ಟೂಲನ್ನು ಒರೆಸಿಯೂ ಕೊಟ್ಟಳು. ಹಿಂದೆಯೇ ಎರಡನೇ ಮಹಡಿಯ ಹೊಸ ದಂಪತಿ ಪರದೆ ಹೊತ್ತು ಬಂದರು. "ಅಕ್ಕ" ಎಂದ ಗಂಡ. "ಅಕ್ಕ" ಎಂದಳು ಹೆಂಡತಿ. ಕಂಕುಳಲ್ಲಿದ್ದ ಮಗುವನ್ನು ಚಿವುಟಿದಾಗ ಅದೂ "ಅಕ್ಕ" ಎಂದಿತು. ಟೇಲರಕ್ಕನಿಗೆ ಖುಷಿಯಲ್ಲಿ ಬಾಬಿನ್ನು ಕೈಜಾರಿತು. ಒಂಬತ್ತೂವರೆಗೆ ಸೈಕಲ್ ಸಾಹೇಬ ಬಂದು, ಹೆಲ್ಮೆಟ್ಟು ತೆಗೆದು, ಪರೀಕ್ಷೆಗೆ ಬಾಯಿಪಾಠ ಮಾಡಿದವನ ಹಾಗೆ, "ಅಕ್ಕ. ನನ್ನ ಪ್ಯಾಂಟು. ಅಕ್ಕ" ಎಂದ. ಇಲ್ಲಿ ಅವಳಿಗೆ ಮೊದಲ ಸಲ ಅನುಮಾನ ಬಂತು.

ಅನುಮಾನವನ್ನು ಖಾತ್ರಿ ಮಾಡಿದ್ದು ಲೆಕ್ಕದ ಮೇಡಂನ ಅತ್ತೆ. ಎಂಬತ್ತೆರಡು ವರ್ಷದ ಮುದುಕಿ. ಮಗ ಸೊಸೆ ಬಂದ ಮನೆಗೆ ಸಾಮಾನಿನ ಜೊತೆ ತಾನೂ ಬಂದವಳು, ಬಂದ ಮೇಲೆ ಒಮ್ಮೆಯೂ ಕೆಳಗಿಳಿದವಳಲ್ಲ. ತಲೆಯ ಮೇಲೆ ಕೋಲಿನ ಸದ್ದು ಮೂರನೇ ಮಹಡಿಯಿಂದ ಹೊರಟು, ಎರಡನೆಯದರಲ್ಲಿ ಸುಧಾರಿಸಿಕೊಂಡು, ಹದಿನೈದು ನಿಮಿಷಕ್ಕೆ ಕೆಳಗೆ ಮುಟ್ಟಿತು. ಮುದುಕಿ ಒಂದು ಹಳೇ ಗೌನು ಮುಂದೆ ಚಾಚಿ, ಬೊಚ್ಚು ಬಾಯಲ್ಲಿ ನಕ್ಕಳು.

"ಅಕ್ಕಾ, ಇದಕ್ಕೊಂದು ಜೇಬು ಇಟ್ಟುಕೊಡ್ತೀಯಾ?"

ಟೇಲರಕ್ಕನ ಕೈಯಿಂದ ಸೀಮೆಸುಣ್ಣ ಬಿದ್ದು ಎರಡು ತುಂಡಾಯಿತು. ಎಂಬತ್ತೆರಡರ ಮುದುಕಿಗೆ ತಾನು ಅಕ್ಕ. ಹಾಗಾದರೆ ತನ್ನ ವಯಸ್ಸೆಷ್ಟು? ತೊಂಬತ್ತೇ? ಅಜ್ಜಿ ಅಂದವರೇ ಇದಕ್ಕಿಂತ ವಾಸಿ. ಗೌನನ್ನು ತೆಗೆದುಕೊಂಡಳು. ಮುದುಕಿ ಮತ್ತೆ ಹತ್ತಿಹೋಗುವ ತನಕ ಹಲ್ಲು ಕಚ್ಚಿ ಕಾದಳು. ಆಮೇಲೆ ಕಂಪೌಂಡರ ಕಡೆ ತಿರುಗಿದಳು. ಅವರು ಪೇಪರಿನ ಹಿಂದೆ ಅಡಗಿದ್ದರು.

"ಪೇಪರು ಇಳಿಸಿ."

ಇಳಿಸಿದರು.

"ನೀವೇ ತಾನೇ ಹೇಳಿಕೊಟ್ಟಿದ್ದು?"

"ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ."

"ಮೂವತ್ತನಾಲ್ಕು ವರ್ಷ ಕೂಡಿಟ್ಟ ಮಾತು ಕಂಪೌಂಡರೇ. ಅದನ್ನ ಕೆಮ್ಮಿನ ಔಷಧಿ ಹಾಗೆ ಮನೆಮನೆಗೂ ಹಂಚಿಬಿಟ್ರಲ್ಲ. ನಾಳೆಯಿಂದ ನನ್ನ ಹತ್ರ ಕೂರಬೇಡಿ."

ಕಂಪೌಂಡರು ಸ್ಟೂಲು ಎತ್ತಿಕೊಂಡು ತಮ್ಮ ಬಾಗಿಲಿಗೆ ಹೋದರು. ಅಲ್ಲಿಂದಲೇ ಅವಳನ್ನು ನೋಡುತ್ತಾ ಪೇಪರನ್ನು ತಲೆಕೆಳಗಾಗಿ ಹಿಡಿದು ಕೂತರು. ಟೇಲರಕ್ಕನಿಗೆ ಅಳು ಬಂತು. ಕೋಪಕ್ಕೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. ಬೆಳಿಗ್ಗೆ ತಾನು ಸ್ಟೂಲು ಒರೆಸಿ ಕೊಟ್ಟದ್ದು ನೆನಪಾಗಿ ಮುಖ ಬಿಸಿಯಾಯಿತು. ಆ ಎಲ್ಲ ಅಕ್ಕಗಳೂ ಕಂಪೌಂಡರು ಹಂಚಿದ ಅಕ್ಕಗಳು.

ಆದರೆ ಕೈ ಬೇರೆ ಕಥೆ ಹೇಳಿತು. ಹೇಳಿಕೊಟ್ಟದ್ದಾಗಲಿ, ಸುಳ್ಳಾಗಲಿ, ಬಾಯಿಂದ ಬಂದದ್ದು ಅಕ್ಕ. ಅಕ್ಕ ಎಂದರೆ ಮೂರನೇ ದಿನ. ಗುರುವಾರ ಬಂದದ್ದು ಇಪ್ಪತ್ತೇಳು ಬಟ್ಟೆ, ಮೂರನೇ ದಿನ ಎಂದರೆ ಭಾನುವಾರ. ಶುಕ್ರವಾರ, ಶನಿವಾರ ಅವಳು ತಲೆ ಎತ್ತಲಿಲ್ಲ. ಮನಸ್ಸು ಬೈಯುತ್ತಿತ್ತು, ಕಾಲು ಪೆಡಲು ತುಳಿಯುತ್ತಿತ್ತು. ಸೈಕಲ್ ಸಾಹೇಬನ ಪ್ಯಾಂಟಿನ ಉದ್ದ ಕಡಿಮೆ ಮಾಡಿದಳು. ಸೊಂಟ ನೋಡಿ, "ಇದರಲ್ಲಿ ಉಸಿರಾಡೋದು ಹೇಗೆ" ಎಂದು ಗೊಣಗಿ ಅದನ್ನೂ ಎರಡು ಬೆರಳು ಸಡಿಲ ಮಾಡಿದಳು. ಮುದುಕಿಯ ಗೌನಿಗೆ ಒಂದರ ಬದಲು ಎರಡು ಜೇಬು ಇಟ್ಟಳು. ಯಾಕೆ ಎಂದು ಕೇಳಬೇಡಿ, ಅವಳಿಗೂ ಗೊತ್ತಿಲ್ಲ.

ಭಾನುವಾರ ಹನ್ನೊಂದಕ್ಕೆ ಸಭೆ ಸೇರಿತು. ತಾರಸಿಯ ಬಾಗಿಲು ಕೆಟ್ಟು ಕೂತಿತ್ತು, ಹದಿನೈದು ಮನೆಯವರು ಕೂರುವಷ್ಟು ಜಾಗ ಕಟ್ಟಡದಲ್ಲಿ ಬೇರೆ ಎಲ್ಲೂ ಇರಲಿಲ್ಲ. ಹಾಗಾಗಿ ಪ್ಲಾಸ್ಟಿಕ್ ಕುರ್ಚಿಗಳನ್ನು ಟೇಲರಕ್ಕನ ಎದುರಿಗೇ ಸಾಲಾಗಿ ಹಾಕಿದರು. ಖಾಲಿ ಜಾಗ ಮಿಷನ್ನಿನ ಹಿಂದೆ ಕೂತು ಎಲ್ಲರನ್ನೂ ನೋಡುತ್ತಿತ್ತು. ಬೆಳಿಗ್ಗೆಯೇ ಹಂಚಿದ ಬಟ್ಟೆಗಳನ್ನು ಎಲ್ಲರೂ ತೊಟ್ಟು ಬಂದಿದ್ದರು. ಮುದುಕಿಯನ್ನೂ ಇಳಿಸಿ ತಂದಿದ್ದರು. ಕುರ್ಚಿ ಕೊಟ್ಟರೆ ಸೊಂಟ ಹಿಡಿಯುತ್ತದೆ ಎಂದು ಅವಳು ಕೋಲೂರಿ ನಿಂತೇ ಇದ್ದಳು. ಟ್ಯಾಂಕು, ಕಸ, ಬಾಗಿಲು ಮುಗಿಯಿತು.

"ವಿಷಯ ನಾಲ್ಕು," ಎಂದು ಮೇಡಂ ಚಾರ್ಟು ಬಿಡಿಸಿದಳು. "ಒಂದು ಸಂತೋಷದ ಸುದ್ದಿ. ಈ ವಾರ ಇಪ್ಪತ್ತೇಳಕ್ಕೆ ಇಪ್ಪತ್ತೇಳು ಬಟ್ಟೆ ಸಮಯಕ್ಕೆ ಬಂದಿವೆ. ಅಕ್ಕ ಅಂತ ಕರೆದ್ರೆ ಸಾಕು ಅಂತ ಸಾಬೀತಾಗಿದೆ. ಹಾಗಾಗಿ ಅವರನ್ನ ಇಲ್ಲೇ ಇರಿಸ್ಕೋಬಹುದು ಅಂತ ನನ್ನ ಅಭಿಪ್ರಾಯ. ಸೈಕಲ್‌ಗಳನ್ನ ಹಿಂದುಗಡೆ ನಿಲ್ಲಿಸ್ಬಹುದು."

ಕೆಲವರು ಚಪ್ಪಾಳೆ ತಟ್ಟಿದರು. ಕಂಪೌಂಡರು ತಮ್ಮ ಬಾಗಿಲಲ್ಲಿ ಕಣ್ಣು ಮುಚ್ಚಿ ಕೈ ಮುಗಿದರು. ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ಟೇಲರಕ್ಕ ಎದ್ದು ನಿಂತಳು. ಕಂಪೌಂಡರು ಕೂತ್ಕೋ, ಕೂತ್ಕೋ ಎಂದು ಕೈಸನ್ನೆ ಮಾಡಿದ್ದನ್ನು ಅವಳು ನೋಡಲೇ ಇಲ್ಲ.

"ನನಗೆ ಈ ಅಕ್ಕ ಬೇಡ," ಎಂದಳು. "ಆಂಟಿ ಅಂದವರಿಗೆ ಬೇಕಂತಲೇ ತಡ ಮಾಡ್ತಿದ್ದೆ, ಹೌದು. ಅಜ್ಜಿ ಅಂದವರ ಬಟ್ಟೆ ಮುಟ್ತಾನೇ ಇರ್ಲಿಲ್ಲ. ತಪ್ಪು ನಂದೇ. ಆದ್ರೆ ಗುಂಡಿ ಒತ್ತಿದ್ರೆ ಲೈಟು ಹತ್ಕೊಳ್ಳೋ ಹಾಗೆ, ಅಕ್ಕ ಅಂದ್ರೆ ಕೆಲಸ ಆಗ್ತದೆ ಅಂತ ಕರೀತೀರಲ್ಲ, ಅದು ಬೇಡ. ಸೈಕಲ್ ನಿಲ್ಲಿಸ್ಕೊಳ್ಳಿ. ನಾನು ಹೋಗ್ತೀನಿ."

ಹೇಳಿದ್ದಲ್ಲದೆ ಮಿಷನ್ನಿನ ಮೇಲೆ ಮುಚ್ಚಳವನ್ನೂ ಇಟ್ಟಳು. ಸೈಕಲ್ ಸಾಹೇಬ ತಬ್ಬಿಬ್ಬಾಗಿ ಎದ್ದ.

"ಅಂದ್ರೆ ಇಷ್ಟು ದಿನ... ನಾನು ಅಜ್ಜಿ ಅಂದಿದ್ದಕ್ಕಾ? ನನ್ನ ಸಾಕಿದ್ದೇ ನಮ್ಮಜ್ಜಿ. ನಮ್ಮನೇಲಿ ಅದಕ್ಕಿಂತ ದೊಡ್ಡ ಪದವಿ ಇರ್ಲಿಲ್ಲ. ಅಷ್ಟು ಗೌರವ ಕೊಟ್ಟೆ, ಪ್ಯಾಂಟು ಬರ್ಲಿಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ."

ಆದರೂ ಟೇಲರಕ್ಕ ಕತ್ತರಿಯನ್ನು ಚೀಲಕ್ಕೆ ಹಾಕಿದಳು. ಆಗ ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು.

"ನನಗೂ ಹೇಳಿಕೊಟ್ಟೇ ಕಳಿಸಿದ್ರು," ಎಂದಳು. "ಎಂಬತ್ತೆರಡರ ಮುದುಕಿ ಹೋಗಿ ಅವಳನ್ನ ಅಕ್ಕ ಅಂದ್ರೆ ಹೊಡೀತಾಳೆ ಕಣೇ ಅಂದೆ. ಸೊಸೆ ಕೇಳಲಿಲ್ಲ. ಮೆಟ್ಟಿಲು ಇಳೀತಾ ಇಳೀತಾ ಮನಸ್ಸಲ್ಲೇ ಅಂದು ನೋಡಿದೆ. ನನಗೆ ನಾಲ್ಕು ಜನ ಅಕ್ಕಂದಿರಿದ್ರು. ಕೊನೇ ಅಕ್ಕ ಹೋಗಿ ಒಂಬತ್ತು ವರ್ಷ. ಆಮೇಲೆ ಎಲ್ಲಿ ಹೋದ್ರೂ ನಾನೇ ಹಿರಿಯಳು. ನನ್ನ ಅಜ್ಜಿ ಅನ್ನೋಕೆ ಊರು ತುಂಬಾ ಜನ ಇದಾರೆ. ನಾನು ಅಕ್ಕ ಅನ್ನೋಕೆ ಒಬ್ಬರೂ ಇಲ್ಲ. ಒಂಬತ್ತು ವರ್ಷದ ಮೇಲೆ ಮೊನ್ನೆ ಆ ಮಾತು ಬಾಯಿಂದ ಬಂತು. ಮೂರು ಮಹಡಿ ಹತ್ತಿದ್ದೇ ಗೊತ್ತಾಗಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ನಿನಗೆ ಬೇಡ ಅಂದ್ರೆ ಬಿಡು. ಆದ್ರೆ ಈ ವಯಸ್ಸಲ್ಲಿ ನಾನು ಇನ್ನೊಬ್ಬ ಅಕ್ಕನ್ನ ಎಲ್ಲಿ ಅಂತ ಹುಡುಕ್ಲಿ?"

ಸೈಕಲ್ ಸಾಹೇಬ ಮೂಗೊರೆಸಿಕೊಂಡ. ಲೆಕ್ಕದ ಮೇಡಂ ತನ್ನ ಅತ್ತೆಯನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಚಾರ್ಟು ಮಡಿಸಿ ಕುರ್ಚಿಯ ಕೆಳಗಿಟ್ಟಳು. ಆಮೇಲೆ ಪೆನ್ನು ತೆಗೆದು, ಸಭೆಯ ಕಾಗದದಲ್ಲಿ 'ಖಾಲಿ' ಎಂಬ ಪದವನ್ನು ಹೊಡೆದುಹಾಕಿದಳು. ಅದು ಹೋದ ಮೇಲೆ ಉಳಿದ ಸಾಲಿಗೆ ಅರ್ಥವೇ ಇರಲಿಲ್ಲ, ಅದನ್ನೂ ಹೊಡೆದುಹಾಕಿದಳು.

"ಬರೆಯುವಾಗ ನನ್ನಿಂದ ತಪ್ಪಾಗಿದೆ. ಜಾಗ ಖಾಲಿ ಇಲ್ಲ," ಎಂದಳು. "ಆಕ್ಷೇಪ ಇದ್ದವರು ಕೈ ಎತ್ತಿ."

ಹದಿನೈದು ಮನೆಯ ಒಂದು ಕೈಯೂ ಏಳಲಿಲ್ಲ. ಸೈಕಲ್ ಸಾಹೇಬ ತನ್ನವೆರಡನ್ನೂ ಹೊಸ ಸೊಂಟದ ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

ಟೇಲರಕ್ಕ ಇದ್ಯಾವುದನ್ನೂ ಗಮನಿಸಲಿಲ್ಲ. ಅವಳು ಮುದುಕಿಯನ್ನೇ ನೋಡುತ್ತಿದ್ದಳು. ಮಂಡಿ ಸಣ್ಣಗೆ ನಡುಗುತ್ತಿತ್ತು ಪಾಪ, ಕೋಲು ಹಿಡಿದ ಕೈಯಲ್ಲಿ ನರ ಉಬ್ಬಿತ್ತು. ಟೇಲರಕ್ಕ ಮಿಷನ್ನಿನ ಹಿಂದಿನಿಂದ ತಾನು ಕೂರುವ ಕುರ್ಚಿಯನ್ನೇ ಎಳೆದು ತಂದಳು. ಎಂಬತ್ತೆರಡರ ಮುದುಕಿಯ ರಟ್ಟೆ ಹಿಡಿದು ಮೆಲ್ಲಗೆ ಕೂರಿಸಿದಳು.

"ಕೂತ್ಕೋ ತಂಗಿ," ಎಂದಳು. "ಎಷ್ಟು ಹೊತ್ತು ಅಂತ ನಿಂತಿರ್ತೀಯ."